ಕಡತದೊಳಗಿನ ಅತಿಥಿ

ನಮ್ಮೂರಿನಲ್ಲಿ ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಸೇರಿ, ಓದಿದ ಪುಸ್ತಕವೊಂದರ ಬಗ್ಗೆ ಮಾತಾಡುವ ಬಳಗವಿದೆ. ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಔಷಧದಂಗಡಿಯವರು, ಇಬ್ಬರು ಕಾಲೇಜು ಹುಡುಗಿಯರು. ಮುಸ್ಲಿಮನೆಂದರೆ ನಾನೊಬ್ಬನೇ. ಕಾರಂತರನ್ನೋ ತೇಜಸ್ವಿಯವರನ್ನೋ ಓದುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಹೋದ ತಿಂಗಳು ಜಾನ್ ಲೆ ಕಾರೆಯವರ ‘ಎ ಮೋಸ್ಟ್ ವಾಂಟೆಡ್ ಮ್ಯಾನ್’ ಎತ್ತಿಕೊಂಡಾಗ ಎಲ್ಲರಿಗೂ ನೆನಪಾಯಿತು. ನನಗೂ.

2008ರಲ್ಲಿ ಬಂದ ಈ ಕಾದಂಬರಿ ನಡೆಯುವುದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನ ನಡೆಸಿದ ನಾಲ್ವರಲ್ಲಿ ಮೂವರು ಅದಕ್ಕೆ ಮುಂಚೆ ಆ ಊರಲ್ಲಿ ಇದ್ದವರು. ‘ನಮ್ಮ ಮೂಗಿನಡಿಯೇ ಇದ್ದರಲ್ಲ’ ಎಂಬ ನಾಚಿಕೆ ಅಲ್ಲಿನ ಗುಪ್ತಚರರನ್ನು ಬಿಟ್ಟಿಲ್ಲ. ಅಂಥ ಊರಿಗೆ ಈಸಾ ಎಂಬ ಬಡಕಲು ಹುಡುಗ ಕದ್ದು ಬಂದಿಳಿಯುತ್ತಾನೆ. ತಾಯಿ ಚೆಚೆನ್, ತಂದೆ ರಷ್ಯಾದ ಸೈನ್ಯದ ಕರ್ನಲ್. ಮೈತುಂಬ ಜೈಲಿನ ಹಿಂಸೆಯ ಗುರುತುಗಳು. ಆಡುವುದು ರಷ್ಯನ್, ಆಗಬೇಕೆಂದಿರುವುದು ಡಾಕ್ಟರ್. ಕರ್ನಲ್ ಕೊಳ್ಳೆ ಹೊಡೆದ ಹಣ ಅಲ್ಲಿನ ಖಾಸಗಿ ಬ್ಯಾಂಕೊಂದರಲ್ಲಿ ಮಗನಿಗಾಗಿ ಕಾದಿದೆ. ಮಗನಿಗೆ ಆ ಪಾಪದ ದುಡ್ಡು ಬೇಡ.

ನಮ್ಮ ಚರ್ಚೆ ಶುರುವಾದದ್ದೇ ‘ಕೊನೆಗೂ ಈಸಾ ಉಗ್ರನೋ ಅಲ್ಲವೋ?’ ಎಂಬ ಪ್ರಶ್ನೆಯಿಂದ. ಅರ್ಧ ಗಂಟೆ ಅದೇ ನಡೆಯಿತು. ಒಬ್ಬರು ಅವನ ನಮಾಜನ್ನು ಸಾಕ್ಷಿಗೆ ತಂದರು, ಇನ್ನೊಬ್ಬರು ಅವನ ಮೌನವನ್ನು. ಕಾದಂಬರಿಯಲ್ಲಿ ಅಧಿಕಾರಿಗಳು ಮೇಜಿನ ಸುತ್ತ ಕೂತು ಮಾಡುವುದೂ ಇದನ್ನೇ. ಲೆ ಕಾರೆ ನಮ್ಮನ್ನು ಆ ಕುರ್ಚಿಗಳಲ್ಲಿ ಕೂರಿಸಿಬಿಟ್ಟಿದ್ದರು, ನಮಗೆ ಗೊತ್ತಾಗಲೇ ಇಲ್ಲ. ಆಮೇಲೆ ಮೇಷ್ಟ್ರೊಬ್ಬರು ನನ್ನತ್ತ ತಿರುಗಿ, ‘ನಿಮಗೇನನ್ನಿಸಿತು ಸಾಹೇಬ್ರೆ?’ ಎಂದರು. ಪ್ರೀತಿಯಿಂದಲೇ ಕೇಳಿದರು. ಆದರೂ ನಾನು ಓದುಗನ ಜಾಗದಿಂದ ಸಾಕ್ಷಿಯ ಜಾಗಕ್ಕೆ ಸರಿದಂತಾಯಿತು.

ನಾನು ಪತ್ತೇದಾರಿ ಕಾದಂಬರಿಯ ರುಚಿ ಹತ್ತಿಸಿಕೊಂಡಿದ್ದು ಉರ್ದುವಿನಲ್ಲಿ, ಇಬ್ನೆ ಸಫಿಯವರಿಂದ. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ‘ಜಾಸೂಸಿ ದುನಿಯಾ’ದ ಹಳೆಯ ಸಂಚಿಕೆಗಳು ನಮ್ಮ ಮನೆಯ ಟ್ರಂಕಿನಲ್ಲಿದ್ದವು. ಅಲ್ಲಿ ಕಳ್ಳರನ್ನು ಹಿಡಿಯುವವರೇ ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್. ನಮ್ಮಂಥ ಹೆಸರಿನವರು ಭೂತಗನ್ನಡಿ ಹಿಡಿದವರಾಗಿರುತ್ತಾರೆಂದೇ ನಾನು ನಂಬಿ ಬೆಳೆದವನು. ಇಂಗ್ಲಿಷಿನ ಥ್ರಿಲ್ಲರುಗಳಿಗೆ ಬಂದಾಗ ಅದೇ ಹೆಸರುಗಳು ಗಾಜಿನ ಆಚೆ, ಕಡತದೊಳಗೆ ಸಿಕ್ಕಿದವು. ಇದನ್ನು ಬಳಗದಲ್ಲಿ ಹೇಳಿದೆ. ನಕ್ಕರು, ನಾನೂ ನಕ್ಕೆ.

ಲೆ ಕಾರೆ ಆ ಅಗ್ಗದ ಜಾತಿಯ ಲೇಖಕರಲ್ಲ. ಅವರ ಸಿಟ್ಟೆಲ್ಲ ಅಧಿಕಾರಸ್ಥರ ಮೇಲೆ. ಗುಂಥರ್ ಬಾಹ್‌ಮನ್ ಎಂಬ ಗೂಢಚಾರ ಅವರಿಗೆ ಇಷ್ಟದ ಪಾತ್ರ. ಹಿಡಿದು ಒಳಗೆ ಹಾಕುವುದಕ್ಕಿಂತ ಒಲಿಸಿಕೊಂಡು ತನ್ನವನನ್ನಾಗಿ ಮಾಡಿಕೊಳ್ಳುವುದು ಅವನ ದಾರಿ. ನಮ್ಮ ಬಳಗದ ಹೆಚ್ಚಿನವರಿಗೆ ಅವನೇ ನಾಯಕ. ನನ್ನ ತಕರಾರು ಇಲ್ಲಿಯೇ. ವಕೀಲೆ ಅನಾಬೆಲ್‌ಗೆ ಹಿಂದೊಬ್ಬ ಕಕ್ಷಿದಾರನನ್ನು ಉಳಿಸಲಾಗದ ಕೊರಗಿದೆ. ಬಾಹ್‌ಮನ್ ಆ ಕೊರಗನ್ನೇ ಹಿಡಿದು ಅವಳನ್ನು ಬಗ್ಗಿಸುತ್ತಾನೆ. ಅವಳ ಕರುಣೆ ಈಸಾನನ್ನು ಗಾಳಕ್ಕೆ ಸಿಕ್ಕಿಸಲು, ಈಸಾನ ದಾನ ಡಾ. ಅಬ್ದುಲ್ಲಾ ಎಂಬ ವಿದ್ವಾಂಸನನ್ನು ಎಳೆಯಲು. ಒಳ್ಳೆಯತನವೆಲ್ಲ ಯಾರೋ ಹಿಡಿದೆಳೆಯುವ ಹಗ್ಗವಾಗುತ್ತದೆ. ಮೃದುವಾಗಿ ಎಳೆದರೂ ಹಗ್ಗ ಹಗ್ಗವೇ.

ಅಬ್ದುಲ್ಲಾ ಸಂಗ್ರಹಿಸುವ ದಾನದ ಬಹುಪಾಲು ಬಡವರಿಗೆ ತಲುಪುತ್ತದೆ, ಸಣ್ಣದೊಂದು ಪಾಲು ಬೇರೆಲ್ಲೋ ಹೋಗುತ್ತದೆ ಎಂಬುದು ಗುಪ್ತಚರರ ಲೆಕ್ಕ. ಝಕಾತ್ ಎಂದರೇನು ಎಂದು ಹುಡುಗಿಯೊಬ್ಬಳು ಕೇಳಿದಳು. ಉಳಿತಾಯದ ಶೇಕಡಾ 2.5 ಎಂದೆ. ಕುರ್‌ಆನ್ ಹೇಳುವ ಎಂಟು ಬಗೆಯ ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬ ಎಂದೆ. ಹಾಗಾದರೆ ಈಸಾನೂ ಅದಕ್ಕೆ ಹಕ್ಕುದಾರನೇ ಅಲ್ಲವೇ ಎಂದಳು. ಕಾದಂಬರಿಯ ಯಾವ ಅಧಿಕಾರಿಗೂ ಹೊಳೆಯದ ಮಾತು. ನಿವೃತ್ತ ಬ್ಯಾಂಕಿನವರು ಒಪ್ಪಲಿಲ್ಲ: ‘ದುಡ್ಡು ಎಲ್ಲಿಗೆ ಹೋಗುತ್ತದೆಂದು ಕೇಳುವುದು ತಪ್ಪೇನ್ರೀ? ನಾನು ಮೂವತ್ತು ವರ್ಷ ಅದನ್ನೇ ಕೇಳಿದವನು.’ ತಪ್ಪಲ್ಲ. ಅವರ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿರಲಿಲ್ಲ. ಸಣ್ಣ ಪಾಲಿನಿಂದಲೂ ಜೀವಗಳು ಹೋಗುತ್ತವೆ.

ಈ ಪುಸ್ತಕದಲ್ಲಿ ನನಗೆ ಹತ್ತಿರವಾದವಳು ಲೈಲಾ. ಹ್ಯಾಂಬರ್ಗಿನ ತುರ್ಕಿ ಹೆಂಗಸು. ಈಸಾ ಮೊದಲು ಬರುವುದು ಅವಳ ಬಾಗಿಲಿಗೆ, ತಾನು ಮುಸ್ಲಿಂ, ದಣಿದಿದ್ದೇನೆ ಎಂದು ಬರೆದ ರಟ್ಟಿನ ತುಂಡು ಹಿಡಿದು. ಮಗ ಮೆಲಿಕ್ ಬಾಕ್ಸಿಂಗ್ ಪಟು, ದೇಹದಲ್ಲಿ ಬೆಟ್ಟ, ಆದರೂ ಹೆದರುತ್ತಾನೆ. ಇಬ್ಬರೂ ಜರ್ಮನ್ ಪೌರತ್ವಕ್ಕಾಗಿ ಕಾಯುತ್ತಿದ್ದಾರೆ. ಈ ಮೆಹಮಾನನಿಂದ ಕಾಗದಪತ್ರ ಕೆಟ್ಟರೆ? ಅವನ ಹೆದರಿಕೆಯಲ್ಲಿ ತಪ್ಪೇನೂ ಇಲ್ಲ. ಲೈಲಾ ಮಾತ್ರ ಒಳಗೆ ಕರೆಯುತ್ತಾಳೆ, ಊಟ ಹಾಕುತ್ತಾಳೆ. ಅವಳಿಗೆ ಅವನಿಂದ ಏನೂ ಆಗಬೇಕಿಲ್ಲ. ಲೆ ಕಾರೆ ಈ ಮನೆಯನ್ನು ಅಷ್ಟು ಚೆನ್ನಾಗಿ ಕಟ್ಟಿ, ಆಮೇಲೆ ಅದನ್ನು ಕತೆಯ ಅಂಚಿಗೆ ತಳ್ಳಿ ವಕೀಲೆ, ಬ್ಯಾಂಕರ್, ಗೂಢಚಾರರ ಹಿಂದೆ ಹೋಗುತ್ತಾರೆ. ಹೀಗಾಗಿ ಮುಂದಿನ ಪುಟಗಳಲ್ಲಿ ಉಳಿಯುವ ಮುಸ್ಲಿಮರು ಎರಡೇ ಬಗೆ: ಕುರಿಮರಿಯಂಥ ಈಸಾ, ಕಲೆ ಹತ್ತಿದ ಅಬ್ದುಲ್ಲಾ. ಅಡುಗೆಮನೆಯ ಚಿಂತೆಯಿರುವ, ಸಾಲ ಸೋಲ ಇರುವ ನಮ್ಮಂಥವರು ಮೊದಲ ಭಾಗದಲ್ಲೇ ಹಿಂದುಳಿದರು.

ಕೊನೆಯಲ್ಲಿ ಅಮೆರಿಕನ್ನರು ಬ್ಯಾಂಕಿನ ಹೊರಗೆ ವಾಹನ ತಂದು ಇಬ್ಬರನ್ನೂ ಎಳೆದೊಯ್ಯುತ್ತಾರೆ. ಔಷಧದಂಗಡಿಯವರಿಗೆ ಇದು ಸಿನಿಮಾದಂತೆ ಅತಿಯಾಯಿತು. (2014ರಲ್ಲಿ ಸಿನಿಮಾ ಆಗಿಯೂ ಬಂತು.) ನಾನು ಒಪ್ಪಲಿಲ್ಲ. ಜರ್ಮನ್ ಪ್ರಜೆ ಖಾಲಿದ್ ಅಲ್ ಮಸ್ರಿಯವರನ್ನು 2003ರ ಕೊನೆಯಲ್ಲಿ ಮ್ಯಾಸಿಡೋನಿಯಾದಲ್ಲಿ ಹಿಡಿದು ಅಫ್ಘಾನಿಸ್ತಾನದ ಜೈಲಿಗೆ ಸಾಗಿಸಲಾಗಿತ್ತು. ತಪ್ಪು ಮನುಷ್ಯನೆಂದು 2004ರಲ್ಲಿ ಬಿಟ್ಟರು. ಬ್ರೆಮೆನ್‌ನಲ್ಲಿ ಹುಟ್ಟಿದ ಮುರಾತ್ ಕುರ್ನಾಝ್ 2006ರವರೆಗೆ ಗ್ವಾಂಟನಾಮೋದಲ್ಲಿದ್ದರು; ಲೆ ಕಾರೆ ಅವರನ್ನು ಭೇಟಿಯಾಗಿದ್ದರು.

ಸಭೆ ಮುಗಿದು ಚಪ್ಪಲಿ ಹುಡುಕುವಾಗ ಬ್ಯಾಂಕಿನ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ಆ ನಿಮ್ಮ ಫರೀದಿಯ ಕತೆಯನ್ನು ಮುಂದಿನ ಸಲ ಕನ್ನಡದಲ್ಲಿ ಹೇಳ್ತೀರೇನು?’ ಎಂದರು. ಒಪ್ಪಿಕೊಂಡಿದ್ದೇನೆ. ಟ್ರಂಕು ಇನ್ನೂ ಅಣ್ಣನ ಮನೆಯಲ್ಲಿದೆ, ತರಬೇಕು.