ಹಳೆ ಪೇಟಿಗೆ ಹೊಸ ಬಣ್ಣ ಸಾಕೇ?

ಭಜನಾ ಮೇಳಕ್ಕೆಂದು ಕಡಿಮೆ ಬೆಲೆಯ ಹಳೆ ಹಾರ್ಮೋನಿಯಂ ಪೇಟಿ ಕೊಂಡರೆ, ಮೈ ಉಜ್ಜಿಸಿ, ಹೊಳೆಯುವ ಬಣ್ಣ ಹೊಡೆಸಿ, ಮುಂದೆ ಮೇಳದ ಹೆಸರು ಬರೆಸುವುದೇ ಮೊದಲ ಕೆಲಸವಾಗುತ್ತದೆ. ಈ ಕ್ರಮ ತಿರುವುಮುರುವು. ಪೇಟಿಯ ಜೀವ ಗಾಳಿಯಲ್ಲಿದೆ. ತಿದಿಯಿಂದ ಹೊರಟ ಗಾಳಿ ಹಿತ್ತಾಳೆ ರೀಡನ್ನು ಕಂಪಿಸುವಂತೆ ಮಾಡಿದಾಗ ಸ್ವರ ಹುಟ್ಟುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಆ ಬಿಸಿಲಿಗೆ ಕಟ್ಟಿಗೆ ಒಣಗಿ ಸಂದುಬಿಟ್ಟರೆ, ತಿದಿಯ ಮಡಿಕೆ ಸವೆದರೆ ಗಾಳಿ ಸೋರುತ್ತದೆ. ಮೊದಲ ಪೆಟ್ಟು ಖರ್ಜದ, ಅಂದರೆ ತಗ್ಗು ಸ್ವರದ, ರೀಡುಗಳಿಗೆ. ಅವು ಉದ್ದ, ಭಾರ. ಗಾಳಿಯೂ ಹೆಚ್ಚು ಬೇಕು. ತಿಂಥಣಿ ಮೌನೇಶ್ವರ, ಕೊಡೇಕಲ್ ಬಸವಣ್ಣನವರಂಥ ಸಂತರ ಸೀಮೆಯಲ್ಲಿ ತತ್ವಪದ ಹಾಡುವವರ ದನಿ ನಿಲ್ಲುವುದೇ ಖರ್ಜದ ತುಂಬು ನಾದದ ಮೇಲೆ. ಆದ್ದರಿಂದ ತಿದಿ ತುಂಬಿ, ಯಾವ ಕೀಯನ್ನೂ ಒತ್ತದೆ ಬಿಟ್ಟು ನೋಡಬೇಕು: ಅದು ಬೇಗ ಕುಸಿದರೆ ಬಣ್ಣದ ಮಾತೇ ಬೇಡ.

ಮೇಳಕ್ಕೆ ಚೆಲುವು ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಗರುಡಾದ್ರಿ ಚಿತ್ರಕಾರ ಮನೆತನದವರು ಚಿನ್ನದ ಹಾಳೆಯಿಂದ ಚಿತ್ರ ಬೆಳಗಿಸಿದ ಸುರಪುರದಲ್ಲಿ ಹೊಳಪನ್ನು ಹಗುರ ಮಾಡಲಾಗದು. ಆದರೆ ಅಲ್ಲಿಯೂ ತಳ ಹದವಾದ ಮೇಲೇ ಚಿನ್ನ. ಪೇಟಿಯಲ್ಲಿ ದಪ್ಪ ಪೇಂಟು ಕೀಗಳ ಸಂದಿಗಿಳಿದು ಅವನ್ನು ಬಿಗಿ ಹಿಡಿಯುತ್ತದೆ. ಅರಗಿನ ಪಾಲಿಶ್ ತೆಳುವಾಗಿ ಕೂರುತ್ತದೆ, ಸ್ಪಿರಿಟ್‌ನಲ್ಲಿ ಕರಗುವುದರಿಂದ ಬೇಡವಾದಾಗ ತೆಗೆಯಲೂಬಹುದು. ಈ ತೆಗೆಯಲಾಗುವ ಗುಣವೇ ನನಗೆ ಮುಖ್ಯವೆನಿಸುತ್ತದೆ.

ಶ್ರುತಿಯ ವಿಷಯದಲ್ಲಿ ಅಂಥ ಅವಕಾಶವಿಲ್ಲ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ಹಾಗಾಗಿ ಮೊದಲು ಧೂಳು ತೆಗೆಯಬೇಕು, ಸೋರಿಕೆ ಮುಚ್ಚಬೇಕು, ಆಮೇಲೂ ತಪ್ಪಿದ್ದರೆ ಮಾತ್ರ ಪಳಗಿದ ಕೈಗೆ ಕೊಡಬೇಕು. ಇಷ್ಟು ಖರ್ಚಿಗೆ ಹೊಸದೇ ಬರುತ್ತದಲ್ಲ ಎಂಬ ವಾದ ಕೆಲವೆಡೆ ನಿಜ: ರೀಡು ಬಿಗಿಯುವ ಹಲಗೆಯೇ ಸೊಟ್ಟಾಗಿದ್ದರೆ ಹಳೆಯದನ್ನು ಬಿಡುವುದೇ ಲೇಸು. ಆದರೆ ಪಾಲಿತಾಣಾ ಊರಿನ ಒಳ್ಳೆಯ ರೀಡುಗಳು ಗಟ್ಟಿ ಸಾಗುವಾನಿಯಲ್ಲಿ ಕೂತಿದ್ದರೆ ಅಗ್ಗದ ಹೊಸ ಪೇಟಿ ಅದಕ್ಕೆ ಸಾಟಿಯಾಗದು. ಮೈಕ್ ಇದೆಯಲ್ಲ, ದನಿ ಕಮ್ಮಿಯಾದರೇನು ಎನ್ನುವುದಂತೂ ಸಲ್ಲದ ಮಾತು. ಸೋರುವ ಗಾಳಿಯ ಸುಯ್ಗುಟ್ಟುವಿಕೆಯನ್ನೂ ಮೈಕು ಅಷ್ಟೇ ಜೋರಾಗಿ ಕೇಳಿಸುತ್ತದೆ.