ಗೋಪಾಳ ಬುಟ್ಟಿಗೆ ಬಿದ್ದ ಅಕ್ಕಿ

ಹರಿದಾಸ ಪರಂಪರೆಯನ್ನು ಹೊಗಳುವಾಗ ನಾವು ತಪ್ಪದೆ ಆಡುವ ಮಾತೊಂದಿದೆ: ದಾಸರು ಕಾಡಿಗೆ ಹೋಗಲಿಲ್ಲ, ಹೆಂಡತಿ ಮಕ್ಕಳನ್ನು ಬಿಡಲಿಲ್ಲ, ಸಂಸಾರದಲ್ಲಿದ್ದುಕೊಂಡೇ ಹರಿಯನ್ನು ಕಂಡರು. ಮಾತು ಸುಳ್ಳಲ್ಲ. ಪುರಂದರದಾಸರಿಗೆ ನಾಲ್ವರು ಗಂಡುಮಕ್ಕಳಿದ್ದರು. ವಿಜಯದಾಸರು ಚೀಕಲಪರವಿಯ ಬಡ ಗೃಹಸ್ಥರು. ಕಾಖಂಡಕಿಯ ಮಹಿಪತಿದಾಸರು ವಿಜಯಪುರದ ಆದಿಲ್‌ಶಾಹಿ ಸರ್ಕಾರದ ಹುದ್ದೆ ಬಿಟ್ಟರೇ ಹೊರತು ಮನೆ ಬಿಡಲಿಲ್ಲ. ಆದರೆ ಸಂಸಾರದಲ್ಲಿರುವುದು ಬೇರೆ, ಸಂಸಾರ ತೂಗಿಸುವುದು ಬೇರೆ. ದಾಸರ ಮನೆಯಲ್ಲಿ ಒಲೆ ಹೊತ್ತಿಸುವ ಹೊಣೆ ಯಾರ ಮೇಲಿತ್ತು ಎಂಬ ಪ್ರಶ್ನೆ ಇಟ್ಟುಕೊಂಡು ಈ ಸಾಹಿತ್ಯವನ್ನು ಓದಿದರೆ, ಭಕ್ತಿಗೂ ಬದುಕಿಗೂ ಹೊಂದಿಕೆ ಮಾಡಿಕೊಟ್ಟವರು ಯಾರು ಎಂಬುದಕ್ಕೆ ಬೇರೆಯದೇ ಉತ್ತರ ಸಿಗುತ್ತದೆ.

ಮೊದಲು ಸಲ್ಲಬೇಕಾದ್ದು ಸಲ್ಲಲಿ. ದಾಸರ ಬೆನ್ನಿಗಿದ್ದದ್ದು ಮಧ್ವಾಚಾರ್ಯರ ತತ್ತ್ವವಾದ. ಅಲ್ಲಿ ಜಗತ್ತು ಸತ್ಯ. ಎಲ್ಲವೂ ಮಾಯೆ ಎಂದು ಕೈ ಝಾಡಿಸಿಕೊಳ್ಳುವ ಅನುಕೂಲ ಈ ಮತದವರಿಗಿಲ್ಲ. ಮಗುವಿನ ಜ್ವರ ನಿಜ, ಸಾಲ ಕೊಟ್ಟವನ ತಗಾದೆ ನಿಜ, ತಳ ಕಂಡ ಅಕ್ಕಿಯ ಮಡಕೆಯೂ ನಿಜ. ಜನರ ಸೇವೆಯೆಂದರೆ ದೊರೆಗೆ ಕಟ್ಟುವ ಕಂದಾಯದ ಹಾಗೆ ದೇವರಿಗೆ ಸಲ್ಲಬೇಕಾದ ಬಾಕಿ ಎಂಬರ್ಥದ ಮಾತನ್ನು ಆಚಾರ್ಯರೇ ಆಡಿದ್ದಾರೆ. ಹರಿಯೊಬ್ಬನೇ ಸ್ವತಂತ್ರ, ಜೀವ ಅವನ ಅಧೀನ ಎಂದು ಒಪ್ಪಿದ ಮೇಲೆ, ನೀರು ಸೇದುವುದರಿಂದ ಹಿಡಿದು ವ್ಯಾಪಾರ ಮಾಡುವವರೆಗೆ ಯಾವ ಕೆಲಸವನ್ನಾದರೂ ಅವನ ಪೂಜೆಯೆಂದು ಒಪ್ಪಿಸಬಹುದು. ಸಂಸ್ಕೃತದಲ್ಲಿದ್ದ ಈ ವಿಚಾರವನ್ನು ಕನ್ನಡದ ಪದಗಳಿಗೆ ಇಳಿಸಿದ ಮುಳಬಾಗಿಲಿನ ಶ್ರೀಪಾದರಾಜರೂ ವ್ಯಾಸರಾಯರೂ ಯತಿಗಳು. ಸಂತೆ, ಅಂಗಡಿ, ಅಡುಗೆಮನೆಯ ಮಾತನ್ನು ಈ ಪದಗಳೊಳಗೆ ಧಾರಾಳವಾಗಿ ನುಗ್ಗಿಸಿದವರು ಗೃಹಸ್ಥರಾದ ಪುರಂದರರು. ಕಲ್ಲುಸಕ್ಕರೆ, ಪಾಯಸ, ರಾಗಿ, ಬಿಂದಿಗೆ ಎಲ್ಲವೂ ಅವರಲ್ಲಿ ಹರಿನಾಮದ ಮಾತಾಗುತ್ತವೆ. ಮಡಿ, ಜಪ, ಪೂಜೆಗಳನ್ನು ಹೊಟ್ಟೆಪಾಡಿನ ಪ್ರದರ್ಶನ ಮಾಡಿಕೊಂಡವರನ್ನು ಅವರಷ್ಟು ಚೆನ್ನಾಗಿ ಝಾಡಿಸಿದವರೂ ಕಡಿಮೆ.

ಇನ್ನು ಅವರ ಕಥೆಗೆ ಬರೋಣ. 1484ರಿಂದ 1564ರವರೆಗೆ ಬಾಳಿದರೆಂದು ಪರಂಪರೆ ಹೇಳುವ ಈ ಮಹನೀಯರು ಮೊದಲು ಶ್ರೀನಿವಾಸ ನಾಯಕರು, ಚಿನ್ನ ಒತ್ತೆಯಿಟ್ಟುಕೊಳ್ಳುವ ಜಿಪುಣ ಸಾಹುಕಾರರು. ಮಗನ ಮುಂಜಿಗೆ ಹಣ ಬೇಡಿ ಬಂದ ಬ್ರಾಹ್ಮಣನನ್ನು ನಾಯಕರು ನಾಳೆ ಬಾ ಎಂದು ಅಲೆಸಿದರು, ಹೆಂಡತಿ ಸರಸ್ವತಿಬಾಯಿ ಮೂಗುತಿ ಬಿಚ್ಚಿ ಕೊಟ್ಟಳು. ಅದು ಗಂಡನ ಅಂಗಡಿಗೇ ಬಂತು. ಸಿಕ್ಕಿಬಿದ್ದ ಆಕೆ ವಿಷ ಕುಡಿಯಹೊರಟಾಗ ಬಟ್ಟಲಲ್ಲಿ ಮೂಗುತಿ ಸಿಕ್ಕಿತು. ನಾಯಕರು ದಾಸರಾದರು. ಈ ಕಥೆಯಲ್ಲಿ ಮೊದಲು ತ್ಯಾಗ ಮಾಡಿದವಳು ಹೆಂಡತಿ. ದಾಸರು ಅದನ್ನು ಮರೆಮಾಚಲಿಲ್ಲ. ದಂಡಿಗೆ ಹಿಡಿಸಿ ಉಪಕಾರ ಮಾಡಿದಳೆಂದು ಆಕೆಯನ್ನು ಹರಸುವ ಅವರ ಪದ ಪ್ರಸಿದ್ಧವಾಗಿದೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಥೆಗೆ ಬಾಲವೊಂದಿದೆ. ಎಲ್ಲ ದಾನ ಮಾಡಿ ಮಕ್ಕಳೊಂದಿಗೆ ಕಾಡುದಾರಿಯಲ್ಲಿ ಹೋಗುವಾಗ ಆಕೆಗೆ ಕಳ್ಳರ ಭಯವಾಯಿತಂತೆ. ವಿಚಾರಿಸಿದರೆ ಸೆರಗಿನಲ್ಲಿ ಚೂರು ಚಿನ್ನ ಉಳಿಸಿಕೊಂಡಿದ್ದಳು. ದಾಸರು ಅದನ್ನೂ ಎಸೆದರು, ಭಯ ಹೋಯಿತು. ಹರಿಕಥೆಗಳಲ್ಲಿ ಈ ಘಟ್ಟಕ್ಕೆ ಜನ ತಲೆದೂಗುತ್ತಾರೆ. ನನಗೆ ಮಾತ್ರ ಮೂಗುತಿ ಕೊಟ್ಟ ಕೈಯೇ ಈ ಚೂರನ್ನು ಇಟ್ಟುಕೊಂಡದ್ದು ದೊಡ್ಡದಾಗಿ ಕಾಣುತ್ತದೆ. ಮೂಗುತಿ ಆಕೆಯ ತವರಿನದು, ಕೊಡಬಹುದಿತ್ತು. ನಾಲ್ಕು ಮಕ್ಕಳ ನಾಳಿನ ಊಟ ಆಕೆಯೊಬ್ಬಳದಲ್ಲ. ಆ ಎಚ್ಚರವನ್ನು ದೌರ್ಬಲ್ಯವೆಂದು ಬರೆದುಕೊಂಡದ್ದರಲ್ಲಿ ಪರಂಪರೆಯ ಒಲವು ಯಾವ ಕಡೆಗಿತ್ತೆಂದು ಗೊತ್ತಾಗುತ್ತದೆ. ರಾಘವೇಂದ್ರ ಸ್ವಾಮಿಗಳ ಚರಿತ್ರೆಯಲ್ಲಂತೂ ಇದು ಇನ್ನೂ ಕಠೋರ. ಪೂರ್ವಾಶ್ರಮದಲ್ಲಿ ಕಡುಬಡವ ವೆಂಕಟನಾಥರಾಗಿದ್ದ ಅವರು 1621ರಲ್ಲಿ ಸನ್ಯಾಸ ತೆಗೆದುಕೊಂಡಾಗ ಹೆಂಡತಿ ಬಾವಿಗೆ ಬಿದ್ದಳು, ಗುರುಗಳು ಆಕೆಯ ಪ್ರೇತಕ್ಕೆ ಸದ್ಗತಿ ಕೊಟ್ಟರು ಎಂಬಲ್ಲಿಗೆ ಲೆಕ್ಕ ಚುಕ್ತಾ. ಆಕೆಯ ಹೆಸರೂ ಸರಸ್ವತಿಯೇ.

ದಾಸರಾದ ಮೇಲೆ ಮನೆ ನಡೆದದ್ದು ಮಧುಕರ ವೃತ್ತಿಯಿಂದ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಚಿಟಿಕೆ, ಹೆಗಲಿಗೆ ಗೋಪಾಳ ಬುಟ್ಟಿ. ಬೀದಿಯಲ್ಲಿ ಹಾಡುತ್ತ ಹೋದರೆ ಹಿಡಿ ಅಕ್ಕಿ ಬೀಳುತ್ತದೆ. ದುಂಬಿ ಹೂವನ್ನು ನೋಯಿಸದೆ ಜೇನು ಹೀರುವಂತೆ ಯಾರಿಗೂ ಹೊರೆಯಾಗದೆ ಬದುಕುವ ಆದರ್ಶ ಇದು. ನಾಳೆಗೆಂದು ಕೂಡಿಡಬಾರದು. ಸಾಹುಕಾರಿಕೆ ಬಿಟ್ಟವನ ಪಾಲಿಗೆ ಇದಕ್ಕಿಂತ ಕಠಿಣ ಪ್ರಾಯಶ್ಚಿತ್ತವಿಲ್ಲ, ಒಪ್ಪಿದೆ. ಆದರೆ ಆ ಹಿಡಿ ಅಕ್ಕಿಯನ್ನು ಕುಟ್ಟಿ, ಕೇರಿ, ಬಾಗಿಲಿಗೆ ತಂದು ಹಾಕಿದ ಕೈ ಒಂದಿತ್ತು, ಬುಟ್ಟಿಯಿಂದ ತೆಗೆದು ಬೇಯಿಸುವ ಕೈ ಇನ್ನೊಂದಿತ್ತು. ಹಾಡು ಈ ಎರಡು ಕೈಗಳ ನಡುವಿನ ಬೀದಿಯಲ್ಲಿ ಸಾಗಿತು.

ಇಲ್ಲಿ ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಹೆಚ್ಚು ತಂದ. ಎಂದಿನಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಎರಡು ಪರಂಪರೆಗಳಲ್ಲೂ ಕೂಡಿಡಬಾರದು ಎಂಬ ನಿಯಮ ಒಂದೇ. ಆದರೆ ಶರಣರಲ್ಲಿ ಅಳೆಯುವ ಅಧಿಕಾರ ಅಡುಗೆ ಮಾಡುವವಳ ಕೈಯಲ್ಲಿದೆ, ಆಕೆಯ ಮಾತು ವಚನವಾಗಿ ಉಳಿದಿದೆ. ಸರಸ್ವತಿಬಾಯಿಯ ಒಂದು ಮಾತೂ ಆಕೆಯ ಅಂಕಿತದಲ್ಲಿ ನಮಗೆ ಬಂದಿಲ್ಲ. ಶರಣರೇ ಎಲ್ಲದರಲ್ಲೂ ಮೇಲು ಎಂದು ಹೇಳಲು ನಾನು ಹೊರಟಿಲ್ಲ. ಕಾಯಕದ ಹೆಸರಿನಲ್ಲಿ ಇಂದು ನಡೆಯುವ ಭಾಷಣಗಳನ್ನು ಕೇಳಿದರೆ ಲಕ್ಕಮ್ಮ ಆ ಅಕ್ಕಿಯನ್ನೂ ವಾಪಸು ಕಳಿಸುತ್ತಿದ್ದಳು.

ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ದಾಸ ಸಾಹಿತ್ಯದ ಶಾಸ್ತ್ರ ಶಿಖರ. ಹದಿನೆಂಟನೆಯ ಶತಮಾನದ ಭಾಮಿನಿ ಷಟ್ಪದಿ. ಅದರಲ್ಲಿ ಭೋಜನ ರಸ ವಿಭಾಗ ಎಂಬ ಸಂಧಿಯೇ ಇದೆ. ಎಲೆಯ ಮೇಲೆ ಬಡಿಸಿದ ಅನ್ನ, ಪರಮಾನ್ನ, ಹಾಲು, ಮೊಸರು, ಬೆಣ್ಣೆ, ತುಪ್ಪ, ತೊವ್ವೆ, ಪಲ್ಯ, ಹೀಗೆ ಒಂದೊಂದಕ್ಕೂ ಅಭಿಮಾನಿ ದೇವತೆ, ಆ ದೇವತೆಯ ಒಳಗೆ ಕೇಶವ, ನಾರಾಯಣ ಮೊದಲಾದ ಭಗವದ್ರೂಪ. ಉಣ್ಣುವವನು ತುತ್ತು ತುತ್ತಿಗೆ ಇದನ್ನು ನೆನೆಯಬೇಕು. ದಿನನಿತ್ಯದ ಅತಿ ಸಾಮಾನ್ಯ ಕ್ರಿಯೆಯನ್ನು ಇಷ್ಟು ಬಿಡಿಬಿಡಿಯಾಗಿ ಪೂಜೆಯಾಗಿಸಿದ ಇನ್ನೊಂದು ಕನ್ನಡ ಕೃತಿ ನನಗೆ ಗೊತ್ತಿಲ್ಲ. ಅದರ ಧೈರ್ಯಕ್ಕೆ ಬೆರಗಾಗಬೇಕು. ಆದರೂ ಗಮನಿಸಿ, ಕಾವ್ಯ ಎಲೆಯ ಮುಂದೆ ಕೂತಿದೆ. ಹಸಿ ಸೌದೆಯ ಹೊಗೆ, ತಳ ಹಿಡಿದ ಪಾತ್ರೆ, ಮಡಿಯಲ್ಲಿ ಹಸಿದು ನಿಂತು ಕಟ್ಟಕಡೆಗೆ ಉಣ್ಣುವವಳು ಅದರ ಕಣ್ಣಿಗೆ ಬೀಳುವುದಿಲ್ಲ. ಬೇಯಿಸುವವಳು ಯಾವ ರೂಪವನ್ನು ನೆನೆಯಬೇಕು, ನೆನೆಯಲು ಪುರಸೊತ್ತೆಲ್ಲಿ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ಉಣ್ಣುವವನ ಕಡೆಯಿಂದ ಎದ್ದು ಬೆಳೆಯುವವನ ಕಡೆಗೆ ಹೋದವರು ಕನಕದಾಸರೊಬ್ಬರೇ. ‘ರಾಮಧಾನ್ಯಚರಿತೆ’ಯಲ್ಲಿ ಭತ್ತ ಮತ್ತು ರಾಗಿಗೆ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಬರಗಾಲ ಕಂಡವರಿಗೆ, ಹಗೇವಿನಲ್ಲಿ ಕಾಳು ತುಂಬಿಟ್ಟವರಿಗೆ ಇದು ಬರೀ ರೂಪಕವಲ್ಲ.

ಅಡುಗೆಮನೆಯ ಒಳಗಿನ ಪ್ರಶ್ನೆಗೆ ಉತ್ತರ ಹುಟ್ಟಿದ್ದು ಅಡುಗೆಮನೆಯಲ್ಲೇ, ಶಾಸ್ತ್ರದಲ್ಲಲ್ಲ. ಅದರಲ್ಲಿ ದಾಸರ ಪಾಲು ಅವರು ಕೊಟ್ಟ ರೂಪ. ಪಲ್ಲವಿ, ಅನುಪಲ್ಲವಿ, ಚರಣಗಳ ಪದವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದೊಂದು ಚರಣವೂ ತನ್ನಷ್ಟಕ್ಕೆ ಪೂರ್ತಿ. ಹಾಲು ಉಕ್ಕಿತು, ಕೂಸು ಎದ್ದಿತು, ಹಾಡು ನಿಂತಿತು. ತಿರುಗಿ ಬಂದು ಪಲ್ಲವಿ ಹಿಡಿದರೆ ಏನೂ ಕೆಡುವುದಿಲ್ಲ. ಷಟ್ಪದಿಯನ್ನು ಹಾಗೆ ನಡುವೆ ಬಿಟ್ಟೇಳಲಾಗುವುದಿಲ್ಲ. ಧಾರವಾಡ, ರಾಯಚೂರು ಸೀಮೆಯ ಮನೆಗಳಲ್ಲಿ ಹತ್ತಿ ಬಿಡಿಸಿ, ಬೆರಳ ತುದಿಗೆ ಹಾಲು ಮುಟ್ಟಿಸಿಕೊಂಡು ಹೂಬತ್ತಿ ಹೊಸೆಯುವಾಗ, ಗೆಜ್ಜೆವಸ್ತ್ರ ಮಾಡುವಾಗ ಹಾಡು ತಾನಾಗಿ ಬರುತ್ತದೆ. ಕೈಯ ಲಯವೇ ತಾಳ. ಹಸೆಗೆ ಕರೆಯುವುದಕ್ಕೊಂದು, ಉರುಟಣೆಗೊಂದು, ಬೀಗರನ್ನು ಗೇಲಿ ಮಾಡುವುದಕ್ಕೊಂದು, ತೊಟ್ಟಿಲಿಗೊಂದು. ಮದುವೆಮನೆಗಳಲ್ಲಿ ತಪ್ಪದೆ ಹಾಡುವ ‘ಲಕ್ಷ್ಮೀಶೋಭಾನೆ’ಯನ್ನು ಬರೆದವರು ಸೋದೆಯ ವಾದಿರಾಜರು, ಸನ್ಯಾಸಿಗಳು ಎಂಬುದು ನನಗೆ ಯಾವತ್ತೂ ಸೋಜಿಗ.

ಆ ರೂಪವನ್ನು ಹೆಂಗಸರು ತಾವೇ ಕೈಗೆತ್ತಿಕೊಂಡಾಗ ಹಾಡಿನ ಒಳಗಿನ ಸಂಸಾರ ಬದಲಾಯಿತು. ಗಲಗಲಿ ಅವ್ವನ ಪಂದ್ಯದ ಹಾಡುಗಳಲ್ಲಿ ಕೃಷ್ಣನ ಮಡದಿಯರೂ ದ್ರೌಪದಿಯ ಕಡೆಯವರೂ ಎದುರುಬದುರಾಗಿ ನಿಂತು ಒಬ್ಬರನ್ನೊಬ್ಬರು ಹೀಯಾಳಿಸುತ್ತಾರೆ. ಗಂಡುದಾಸರ ಪದಗಳಲ್ಲಿ ಮಡದಿ, ಮಕ್ಕಳು, ನೆಂಟರು ಕಡೆಗಾಲದಲ್ಲಿ ಕೈಬಿಡುವವರು, ಮೋಹದ ಪಾಶ. ಇಲ್ಲಿ ಅದೇ ನೆಂಟಸ್ತಿಕೆ ದೇವರ ಮನೆಯ ಆಟ. ಹರಪನಹಳ್ಳಿ ಭೀಮವ್ವ (1823–1903) ಬರೆದ ಸಂಪ್ರದಾಯದ ಹಾಡುಗಳೂ ಕಥನದ ಹಾಡುಗಳೂ ವ್ರತ, ಹಬ್ಬ, ಆರತಿಯ ತಟ್ಟೆಯ ಜೊತೆಗೇ ಉಳಿದುಬಂದಿವೆ. ಹೆಳವನಕಟ್ಟೆ ಗಿರಿಯಮ್ಮನ ‘ಚಂದ್ರಹಾಸನ ಕಥೆ’ಯನ್ನಂತೂ ಹೆಂಗಸರು ಬಾಯಿಪಾಠ ಮಾಡಿ ತಲೆಮಾರುಗಳನ್ನು ದಾಟಿಸಿದರು. ಆದರೆ ಗಿರಿಯಮ್ಮ ಈ ಹೊಂದಿಕೆಗೆ ತೆತ್ತ ಬೆಲೆಯನ್ನು ಮರೆಯಬಾರದು. ಭಕ್ತಿಗೆ ಬಿಡುವು ಬೇಕೆಂದು ಆಕೆ ತಾನೇ ಮುಂದೆ ನಿಂತು ಗಂಡನಿಗೆ ಇನ್ನೊಂದು ಮದುವೆ ಮಾಡಿಸಿದಳೆಂದು ಪ್ರತೀತಿ. ಗಂಡು ದಾಸನಾದರೆ ಹೆಂಡತಿ ಮನೆ ನೋಡಿಕೊಳ್ಳುತ್ತಾಳೆ; ಹೆಂಡತಿ ದಾಸಿಯಾದರೆ ಮನೆಗೆ ಮತ್ತೊಬ್ಬ ಹೆಂಡತಿಯನ್ನು ತರಬೇಕು.

ಕಛೇರಿಯ ದಾಸರ ಪದಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಭೀಮಸೇನ ಜೋಶಿಯವರ ದಾಸವಾಣಿ ಕೇಳಿ ಕಣ್ಣು ತೇವವಾಗದವರು ಅಪರೂಪ. ಆದರೂ ಅಲ್ಲಿ ಪದವು ಕೆಲಸದಿಂದ ಬಿಡುಗಡೆಯಾಗಿ ಸಂಗೀತವಾಗಿದೆ. ಸಾಹಿತ್ಯ ಚರಿತ್ರೆಗಳೂ ಪಂಡಿತರ ವ್ಯಾಸಕೂಟ, ಪದ ಹಾಡುವವರ ದಾಸಕೂಟ ಎಂದು ಅಧ್ಯಾಯ ಕಟ್ಟಿ, ಹೆಂಗಸರನ್ನು ಕೊನೆಯ ಪುಟಗಳಿಗೆ ಸರಿಸಿದವು.

ಇಂದು ಗೆಜ್ಜೆ, ತಾಳ ಹಿಡಿದು ಹಾಡುತ್ತ ತಿರುಮಲೆಯ ಮೆಟ್ಟಿಲು ಹತ್ತುವವರಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿಗಳೇ ಎದ್ದು ಕಾಣುತ್ತವೆ. ಊರಿನಲ್ಲಿ ಇವರು ಸೇರುವುದು ಮಧ್ಯಾಹ್ನ, ಊಟ ಮುಗಿದು, ಮುಸುರೆ ತೊಳೆದು, ಮಕ್ಕಳು ಶಾಲೆಯಿಂದ ಬರುವುದರೊಳಗೆ. ಪಂಡಿತರು ಇದನ್ನು ಹೊತ್ತು ಹೋಗದವರ ಹವ್ಯಾಸವೆಂದು ಮೂಗು ಮುರಿಯುವುದುಂಟು. ನನ್ನ ಮಟ್ಟಿಗೆ ದಾಸಕೂಟ ಈಗ ಇರುವುದು ಅಲ್ಲಿಯೇ. ಇವರ ಕೈಬರಹದ ನೋಟ್‌ಬುಕ್ಕುಗಳಲ್ಲಿ ಪುರಂದರರ ಪದದ ಪಕ್ಕದಲ್ಲೇ ಭೀಮವ್ವನ ಹಾಡು ಇರುತ್ತದೆ, ಅಧ್ಯಾಯಗಳ ಗೋಡೆಯಿಲ್ಲ. ಹೆಣ್ಣನ್ನು ಮೋಹದ ಬಲೆಯೆಂದು ಬೈಯುವ ಪದ ಸರದಿಗೆ ಬಂದರೂ ಅದೇ ರಾಗದಲ್ಲಿ, ಅದೇ ಉತ್ಸಾಹದಲ್ಲಿ ಹಾಡಿ ಮುಂದಿನ ಪುಟ ತಿರುವುತ್ತಾರೆ. ಹಾಗೆ ಹಾಡುವಾಗ ಆ ಮಾತನ್ನು ತಮಗೆ ಹೇಳಿದ್ದೆಂದು ತೆಗೆದುಕೊಳ್ಳುತ್ತಾರೋ, ತಮ್ಮನ್ನೇ ದಾಸನ ಜಾಗದಲ್ಲಿ ಇಟ್ಟುಕೊಂಡಿರುತ್ತಾರೋ ಎಂದು ಅವರ ನಡುವೆ ಕೂತು ಕೇಳಿ ಬರೆಯಬೇಕಾದ ಪುಸ್ತಕವೊಂದಿದೆ. ದಾಸ ಸಾಹಿತ್ಯದ ಮೇಲೆ ಹೊಸ ಪಿಎಚ್‌.ಡಿ. ಹುಡುಕುತ್ತಿರುವವರು ಅಲ್ಲಿಂದ ಶುರುಮಾಡಬಹುದು.