ಪೋರ್ಟ್‌ಲ್ಯಾಂಡ್ ಹೂದಾನಿಗಿಂತ ಆ ತಿಳಿಹಸಿರು ಸೀಸೆ

ರೋಮನ್ ಗಾಜಿನ ಮಾತು ಬಂದರೆ ಬ್ರಿಟಿಷ್ ಮ್ಯೂಸಿಯಂನ ಪೋರ್ಟ್‌ಲ್ಯಾಂಡ್ ಹೂದಾನಿಗೇ ಮೊದಲ ಹೊಗಳಿಕೆ. ಕಡುನೀಲಿ ಗಾಜು, ಮೇಲೊಂದು ಬಿಳಿ ಪದರ, ಅದನ್ನು ಕೆತ್ತಿ ಬಿಡಿಸಿದ ಆಕೃತಿಗಳು. ಕೈಚಳಕ ಅಪಾರ, ನಿಜ. ಆದರೆ ಅಲ್ಲಿ ಗೆದ್ದವನು ಕೆತ್ತುವವನು. ಗಾಜು ಅವನಿಗೆ ಕಲ್ಲಿನ ಇನ್ನೊಂದು ರೂಪ ಅಷ್ಟೆ. ನನ್ನ ಮನಸ್ಸು ನಿಲ್ಲುವುದು ಎಣ್ಣೆ, ಸುಗಂಧ ತುಂಬಿಡುತ್ತಿದ್ದ ಸಾದಾ ಸೀಸೆಯಲ್ಲಿ.

ಗಾಜನ್ನು ಊದುವ ಕಲೆ ಬರುವ ಮುಂಚೆ ಪುಟ್ಟ ಗಾಜಿನ ಕುಪ್ಪಿಗೆ ಜೇಡಿಯ ತಿರುಳಿನ ಸುತ್ತ ಕರಗಿದ ಗಾಜು ಸುತ್ತಬೇಕಿತ್ತು, ಆರಿದ ಮೇಲೆ ತಿರುಳನ್ನು ಕೆರೆದು ತೆಗೆಯಬೇಕಿತ್ತು. ಕ್ರಿ.ಪೂ. ಒಂದನೆಯ ಶತಮಾನದ ಜೆರುಸಲೇಮಿನ ಕಸದಲ್ಲಿ ಸಿಕ್ಕ ತುಂಡುಗಳನ್ನು ನೋಡಿದರೆ, ಮೊದಲು ಊದಿದ್ದು ಗಾಜಿನ ಕೊಳವೆಗಳಿಂದಲೇ. ಕಬ್ಬಿಣದ ಊದುಕೊಳವೆ ಆಮೇಲೆ ಬಂತು. ಕುಲುಮೆಯಿಂದ ಗಾಜಿನ ಮುದ್ದೆ ಎತ್ತಿ, ಊದಿ, ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಗಾಜು ಜೋತುಬೀಳುತ್ತದೆ. ಮತ್ತೆ ಬೆಂಕಿಗೆ, ಮತ್ತೆ ಉಸಿರು. ಮೊದಮೊದಲು ಕೊಳವೆಯಿಂದ ಬಿಡಿಸಿದ ಬಾಯಿಯ ಅಂಚನ್ನು ಉಜ್ಜಿ ನಯ ಮಾಡುತ್ತಿದ್ದರು. ನಂತರ ತಳಕ್ಕೊಂದು ಕಡ್ಡಿ ಅಂಟಿಸಿ, ಅಂಚನ್ನು ಬೆಂಕಿಯಲ್ಲೇ ದುಂಡಾಗಿಸಿದರು. ಕಡ್ಡಿ ಮುರಿದ ಗಾಯ ತಳದಲ್ಲಿ ಉಳಿಯುತ್ತದೆ. ಹಸಿರು ಛಾಯೆ ಮರಳಿನಲ್ಲಿದ್ದ ಕಬ್ಬಿಣದ್ದು. ಈ ಎರಡನ್ನೂ ದೋಷವೆನ್ನಲು ನನಗೆ ಮನಸ್ಸಿಲ್ಲ. ವಸ್ತು ಹೇಗೆ ಹುಟ್ಟಿತೆಂದು ಅವೇ ಹೇಳುತ್ತವೆ. ಅಚ್ಚಿನೊಳಗೆ ಊದಿ, ತನ್ನ ಹೆಸರನ್ನೂ ಮೂಡಿಸಿದ ಗಾಜುಗಾರ ಎನ್ನಿಯನ್‌ನ ಬಟ್ಟಲುಗಳು ಚೆಲುವಾಗಿವೆ. ಆದರೆ ಅಲ್ಲಿ ಆಕಾರ ಮೊದಲೇ ತೀರ್ಮಾನವಾಗಿದೆ, ಉಸಿರಿಗೆ ತುಂಬುವ ಕೆಲಸ ಮಾತ್ರ.

ಊದುವ ಕಲೆಯಿಂದ ಗಾಜು ಅಗ್ಗವಾಯಿತು. ರೋಮಿನಲ್ಲಿ ತಾಮ್ರದ ನಾಣ್ಯಕ್ಕೆ ಗಾಜಿನ ಲೋಟ ಸಿಗುತ್ತಿತ್ತೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಬಡವನ ಮನೆಗೂ ಹೊಕ್ಕದ್ದೇ ಈ ಕಲೆಯ ದೊಡ್ಡಸ್ತಿಕೆ.

ಮುಂಬೈ ಬಳಿಯ ಟಿಟ್ವಾಳಾದಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. ಪಕ್ಕದ ಕಲ್ಯಾಣ, ಒಂದನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್'ನಲ್ಲಿ ಬರುವ ಕಲ್ಲಿಯೆನ. ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಸಾಗಿಸುವ ಸಂಭವವಿತ್ತೆಂದು ಅದು ಎಚ್ಚರಿಸುತ್ತದೆ. ಆ ಭರೂಚಿನಲ್ಲಿ ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಕಚ್ಚಾ ಗಾಜೂ ಇದೆ. ಪಾತ್ರೆಗಳೂ ಬಂದವು, ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅವುಗಳ ಚೂರು ಸಿಕ್ಕಿವೆ. ಅದೇ ಅರಿಕಮೇಡಿನವರು ಗಾಜಿನ ಉದ್ದ ಟೊಳ್ಳು ಕೊಳವೆ ಎಳೆದು, ಕತ್ತರಿಸಿ, ಸಾಸಿವೆಯಂಥ ಮಣಿ ಮಾಡುತ್ತಿದ್ದರು. ಟೊಳ್ಳು ಗಾಜು ಕೈಯಲ್ಲಿದ್ದೂ ಊದಿದ ಪಾತ್ರೆ ಆಗ ನಮ್ಮಲ್ಲಿ ಬೇರೂರಲಿಲ್ಲ. ಮಡಕೆ, ತಾಮ್ರದ ಚೆಂಬು ಇದ್ದ ಮನೆಗೆ ಅದು ಬೇಕೆನಿಸಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಇದನ್ನು ನಮ್ಮ ಹಿಂದುಳಿದಿರುವಿಕೆ ಎಂದು ಓದುವವರನ್ನು ನಾನು ಒಪ್ಪಲಾರೆ. ಆ ಮಣಿಗಳು ಸಮುದ್ರ ದಾಟಿ ಆಗ್ನೇಯ ಏಷ್ಯಾದ ಕೊರಳುಗಳನ್ನು ಮುಟ್ಟಿದವು.